ಮೊದಲು ಪೈಪ್ ಬಿಚ್ಚು: ಹವಾ ಗನ್ ಹಿಡಿಯುವವರಿಗೆ ಅನುಭವದ ಪಾಠಗಳು

ಗಡಹಿಂಗ್ಲಜದಲ್ಲಿ ಬಡಿಗತನ ಮಾಡುವವರಿಗೆ ಕೆಲಸ ಮೂರು ಕಡೆಯಿಂದ ಬರುತ್ತದೆ. ಊರಿನ ಮತ್ತು ಸುತ್ತಲ ಹಳ್ಳಿಗಳ ಮನೆಗಳಿಂದ ಬಾಗಿಲು, ಕಪಾಟು, ಅಡುಗೆಮನೆಯ ಕೆಲಸ. ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವ, ಕಾಗಲ್ ಕಡೆಯ ಫೌಂಡ್ರಿಗಳಿಂದ ಎರಕದ ಸಾಮಾನು ಕಳಿಸಲು ಬೇಕಾದ ಕಟ್ಟಿಗೆಯ ಪೆಟ್ಟಿಗೆ ಮತ್ತು ಪ್ಯಾಲೆಟ್. ಇಚಲಕರಂಜಿಯ ಮಗ್ಗದ ಶೆಡ್ಡುಗಳಿಂದ ರ್‍ಯಾಕು, ಪಾರ್ಟಿಷನ್ನು, ಆಫೀಸಿನ ಟೇಬಲ್ಲು. ಮೂರೂ ಕಡೆ ಈಗ ಸುತ್ತಿಗೆಗಿಂತ ಹೆಚ್ಚು ಕೈಗೆ ಬರುವುದು ಹವಾ ಗನ್. ಪ್ಲೈಗೆ ಪಟ್ಟಿ ಹೊಡೆಯುವ ಸಣ್ಣ ಪಿನ್ ಗನ್ನಿನಿಂದ ಹಿಡಿದು, ಪ್ಯಾಲೆಟ್ಟಿಗೆ ಎರಡು-ಮೂರು ಇಂಚಿನ ಮೊಳೆಯನ್ನು ಸುರುಳಿಯಿಂದ ಎಳೆದು ಹೊಡೆಯುವ ಕಾಯಿಲ್ ಗನ್ನಿನ ತನಕ ಎಲ್ಲವೂ ನಮ್ಮ ಕೈಯಲ್ಲಿ ಓಡಾಡುತ್ತವೆ.

ಈ ಗನ್ನನ್ನು ಯಾರೂ ಕೂತು ಕಲಿಸುವುದಿಲ್ಲ. ಡಬ್ಬಿಯಲ್ಲಿ ಬರುವ ಸೂಚನೆ ಇಂಗ್ಲಿಷಿನಲ್ಲಿರುತ್ತದೆ. ಸಂಕೇಶ್ವರ, ಹುಕ್ಕೇರಿ, ನಿಪ್ಪಾಣಿ ಕಡೆಯಿಂದ ಕೆಲಸಕ್ಕೆ ಬರುವ ಹುಡುಗರಿಗೆ ಗೊತ್ತಿರುವುದು ಕನ್ನಡ ಮತ್ತು ಮರಾಠಿ. ಪಕ್ಕದವನು ಹಿಡಿದಂತೆ ತಾವೂ ಹಿಡಿಯುತ್ತಾರೆ. ಪಕ್ಕದವನ ತಪ್ಪು ರೂಢಿಯೂ ಹಾಗೇ ಇವರ ಕೈಗೆ ಇಳಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಪೈಪ್ ಕೂಡಿದ್ದರೆ ಗನ್ ತುಂಬಿದೆ ಎಂದೇ ತಿಳಿಯಿರಿ

ಗನ್ನಿನ ಹಿಡಿಕೆ ಬರೀ ಹಿಡಿಯಲು ಮಾಡಿದ್ದಲ್ಲ, ಅದು ಒಳಗೆ ಟೊಳ್ಳು. ಪೈಪಿನಿಂದ ಬಂದ ಹವಾ ಅಲ್ಲಿ ತುಂಬಿಕೊಂಡು ಕಾಯುತ್ತದೆ. ಟ್ರಿಗರ್ ಒತ್ತಿದಾಗ ತಲೆಯ ವಾಲ್ವ್ ತೆರೆದು, ಆ ಹವಾ ಒಮ್ಮೆಗೇ ಪಿಸ್ಟನ್ ಮೇಲೆ ಬೀಳುತ್ತದೆ. ಪಿಸ್ಟನ್ನಿಗೆ ಕೂಡಿಸಿದ ಉಕ್ಕಿನ ಪಟ್ಟಿ ಕೆಳಗಿಳಿದು ಒಂದು ಮೊಳೆಯನ್ನು ಹೊರಗೆ ತಳ್ಳುತ್ತದೆ. ಅಂದರೆ ಹೊಡೆಯಲು ಬೇಕಾದ ಬಲವೆಲ್ಲ ನಿಮ್ಮ ಅಂಗೈಯೊಳಗೇ ಇದೆ. ಕಂಪ್ರೆಸರ್ ಬಂದ್ ಮಾಡಿದರೂ, ಕರೆಂಟು ಹೋದರೂ ಟಾಕಿಯಲ್ಲಿ ಮತ್ತು ಪೈಪಿನಲ್ಲಿ ಉಳಿದ ಹವಾ ಇನ್ನೂ ಹಲವು ಮೊಳೆ ಹೊಡೆಯುತ್ತದೆ. "ಕರೆಂಟ್ ಹೋಗೇತಿ, ಈಗೇನಾಗ್ತೈತಿ" ಎಂದು ಗನ್ನಿನ ಬಾಯಿಯಲ್ಲಿ ಸಿಕ್ಕ ಪಿನ್ನನ್ನು ಬೆರಳಿನಿಂದ ಕೀಳಲು ಹೋಗುವ ಹುಡುಗರನ್ನು ನಾನು ತುಂಬ ನೋಡಿದ್ದೇನೆ.

ಆದ್ದರಿಂದ ನನ್ನ ಹತ್ತಿರ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಹೇಳುವ ಮಾತು ಒಂದೇ: "ತಮ್ಮಾ, ಮೊದ್ಲ ಪೈಪ್ ಬಿಚ್ಚು, ಆಮ್ಯಾಲ ಗನ್ ನೋಡು." ಸಿಕ್ಕ ಮೊಳೆ ತೆಗೆಯುವಾಗ, ಹೊಸ ಪಿನ್ ತುಂಬುವಾಗ, ಗನ್ನನ್ನು ಇನ್ನೊಬ್ಬರ ಕೈಗೆ ಕೊಡುವಾಗ, ಊಟಕ್ಕೆ ಏಳುವಾಗ, ಏಣಿ ಹತ್ತುವಾಗ ಪೈಪ್ ಬಿಚ್ಚಲೇಬೇಕು. ಇದಕ್ಕೆ ಹಿಡಿಯುವುದು ಎರಡು ಸೆಕೆಂಡು.

ಇಲ್ಲಿ ಒಂದು ಸಣ್ಣ ಜೋಡಣೆ ಇಡೀ ಅಭ್ಯಾಸವನ್ನೇ ಕೆಡಿಸಬಲ್ಲದು. ಕಪ್ಲರ್‌ನಲ್ಲಿ ಎರಡು ಭಾಗ: ಒಳಗೆ ವಾಲ್ವ್ ಇರುವ ಹೆಣ್ಣು ತುಂಡು, ತೆರೆದ ತೂತಿನ ಗಂಡು ತುಂಡು. ಗಂಡು ತುಂಡು ಯಾವಾಗಲೂ ಗನ್ನಿಗೆ, ಹೆಣ್ಣು ತುಂಡು ಪೈಪಿಗೆ. ಹೀಗಿದ್ದರೆ ಪೈಪ್ ಬಿಚ್ಚಿದ ಕೂಡಲೇ ಗನ್ನಿನೊಳಗಿನ ಹವಾ ಪೂರ್ತಿ ಹೊರಗೆ ಹೋಗುತ್ತದೆ. ಕೈಗೆ ಸಿಕ್ಕಿತೆಂದು ತಿರುವುಮುರುವು ಮಾಡಿ ಕೂಡಿಸಿದರೆ, ಪೈಪ್ ಬಿಚ್ಚಿದ ಮೇಲೂ ವಾಲ್ವ್ ಹವಾವನ್ನು ಗನ್ನಿನಲ್ಲೇ ಹಿಡಿದಿಡುತ್ತದೆ, ಒಂದು ಹೊಡೆತ ಒಳಗೆ ಉಳಿದಿರುತ್ತದೆ. ಬಿಚ್ಚಿದ ಗನ್ನು ಸತ್ತಿದೆ ಎಂದು ನಂಬಿದವನ ಬೆರಳಿಗೇ ಆ ಹೊಡೆತ. ಹೊಸ ಗನ್ ತಂದ ದಿನ ನಾನು ಮೊದಲು ನೋಡುವುದು ಇದನ್ನೇ.

2. ಟ್ರಿಗರ್ ಯಾವ ತರಹದ್ದು ಎಂದು ತಿಳಿಯದೆ ಗನ್ ಮುಟ್ಟಬೇಡಿ

ಗನ್ನಿನ ಮೂತಿಯಲ್ಲಿ ಒತ್ತಿದರೆ ಒಳಗೆ ಹೋಗುವ ಒಂದು ಸೇಫ್ಟಿ ಇರುತ್ತದೆ. ಮೂತಿ ಮತ್ತು ಟ್ರಿಗರ್ ಎರಡೂ ಒತ್ತದೆ ಮೊಳೆ ಹಾರಬಾರದು, ಅದಕ್ಕಾಗಿ ಅದು. ಆದರೆ ಮುಖ್ಯವಾಗಿ ಎರಡು ತರಹದ ಗನ್ನುಗಳಿವೆ. ಒಂದರಲ್ಲಿ ಮೊದಲು ಮೂತಿ ಒತ್ತಿ, ಆಮೇಲೆ ಟ್ರಿಗರ್ ಎಳೆದರೆ ಮಾತ್ರ ಒಂದು ಮೊಳೆ. ಮುಂದಿನದಕ್ಕೆ ಎರಡನ್ನೂ ಬಿಟ್ಟು ಮತ್ತೆ ಅದೇ ಕ್ರಮ. ಇನ್ನೊಂದರಲ್ಲಿ ಟ್ರಿಗರ್ ಒತ್ತಿ ಹಿಡಿದುಕೊಂಡು ಮೂತಿಯನ್ನು ಎಲ್ಲೆಲ್ಲಿ ತಾಗಿಸಿದರೆ ಅಲ್ಲಲ್ಲಿ ಮೊಳೆ. ಪ್ಯಾಲೆಟ್ ಹೊಡೆಯುವವರಿಗೆ ಇದೇ ಇಷ್ಟ, ಕುಟ್ಟಿಕೊಂಡು ಹೋಗಬಹುದು.

ನಿಮ್ಮದು ಯಾವುದು ಎಂದು ತಿಳಿಯಲು ಮೊಳೆಯ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ, ಒಳಗೆ ಒಂದೂ ಉಳಿದಿಲ್ಲ ಎಂದು ಕಣ್ಣಿನಿಂದ ನೋಡಿ, ಆಮೇಲೆ ಹವಾ ಕೊಡಿ. ಟ್ರಿಗರ್ ಒತ್ತಿ ಹಿಡಿದು ಮೂತಿಯನ್ನು ಒಂದು ದಪ್ಪ ತುಂಡಿನ ಮೇಲೆ ಒತ್ತಿ. 'ಧಪ್' ಎಂದು ಹೊಡೆದರೆ ಅದು ತಾಗಿಸಿದರೆ ಹೊಡೆಯುವ ಜಾತಿ.

ಈ ಎರಡನೆಯ ಜಾತಿ ಎಷ್ಟು ಅಪಾಯದ್ದು ಎಂಬುದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಅಮೆರಿಕದ ಕಾರ್ಮಿಕ ಸುರಕ್ಷತೆಯ ಸಂಸ್ಥೆಗಳಾದ ಓಶಾ ಮತ್ತು ನಯೋಶ್ 2011ರಲ್ಲಿ ನೇಲ್ ಗನ್ನಿನ ಬಗ್ಗೆಯೇ ಒಂದು ಕೈಪಿಡಿ ಹೊರತಂದವು. ಅಲ್ಲಿ ವರ್ಷಕ್ಕೆ ಸುಮಾರು 37,000 ಜನ ಈ ಗನ್ನಿನ ಗಾಯಕ್ಕೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುತ್ತಾರೆ ಎಂದು ಅದು ಹೇಳುತ್ತದೆ. ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಮತ್ತು ಬೆರಳಿಗೆ. ತಾಗಿಸಿದರೆ ಹೊಡೆಯುವ ಟ್ರಿಗರಿನಲ್ಲಿ ಗಾಯದ ಸಂಭವ ಇನ್ನೊಂದರ ಎರಡು ಪಟ್ಟು. ಮನೆ ಕಟ್ಟುವ ಬಡಿಗತನ ಕಲಿಯುತ್ತಿದ್ದವರಲ್ಲಿ ಐವರಲ್ಲಿ ಇಬ್ಬರಿಗೆ ನಾಲ್ಕು ವರ್ಷದೊಳಗೆ ಇದೇ ಗನ್ನಿನಿಂದ ಗಾಯವಾಗಿತ್ತು. ತರಬೇತಿ, ತಪಾಸಣೆ ಎಲ್ಲ ಇರುವ ದೇಶದ ಲೆಕ್ಕ ಇದು.

ಗಾಯ ಆಗುವ ರೀತಿ ನಮ್ಮ ಶೆಡ್ಡುಗಳಲ್ಲೂ ಅದೇ. ಹೊಡೆದ ಗನ್ನು ಹಿಂದಕ್ಕೆ ಪುಟಿಯುತ್ತದೆ, ಬೆರಳು ಟ್ರಿಗರ್ ಮೇಲೇ ಇರುತ್ತದೆ, ಮೂತಿ ಮತ್ತೆ ಎಲ್ಲೋ ತಾಗುತ್ತದೆ, ಕೇಳದ ಎರಡನೇ ಮೊಳೆ ಹಾರುತ್ತದೆ. ಗನ್ನನ್ನು ತೊಡೆಯ ಹತ್ತಿರ ಇಳಿಬಿಟ್ಟು ನಡೆಯುವಾಗ, ಇಕ್ಕಟ್ಟಿನಲ್ಲಿ ತಿರುಗುವಾಗ, ಕೆಲಸಗಾರರು ಹತ್ತಿರ ಹತ್ತಿರ ನಿಂತಾಗ ಹೀಗಾಗುತ್ತದೆ.

ಇದಕ್ಕೆ ಕೆಲಸಗಾರನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಪ್ಯಾಲೆಟ್ ಕೆಲಸ ಬಹಳ ಕಡೆ ನಗದ ಲೆಕ್ಕದಲ್ಲಿ ನಡೆಯುತ್ತದೆ: ಎಷ್ಟು ಪ್ಯಾಲೆಟ್ಟೋ ಅಷ್ಟು ದುಡ್ಡು. ಆ ಲೆಕ್ಕದಲ್ಲಿ ಬೆರಳನ್ನು ಟ್ರಿಗರಿನಿಂದ ತೆಗೆದವನಿಗೆ ನಷ್ಟ. ಮೂತಿಯ ಸೇಫ್ಟಿಯನ್ನು ತಂತಿಯಿಂದ ಬಿಗಿದು ಕಟ್ಟುವುದು, ಸ್ಪ್ರಿಂಗ್ ಕಿತ್ತೊಗೆಯುವುದು ಇಲ್ಲಿಂದಲೇ ಹುಟ್ಟುತ್ತದೆ. ಸೇಫ್ಟಿ ಕಟ್ಟಿದ ಗನ್ನನ್ನು ನಾನು ಕೈಯಲ್ಲಿ ಹಿಡಿಯುವುದಿಲ್ಲ, ಹಿಡಿಯಲು ಯಾರಿಗೂ ಕೊಡುವುದಿಲ್ಲ. ಸೋಫಾ ಮಾಡುವವರು ಬಳಸುವ ಸಣ್ಣ ಸ್ಟೇಪಲ್ ಗನ್ನುಗಳಲ್ಲಿ ಬಹಳಷ್ಟಕ್ಕೆ ಮೂತಿಯ ಸೇಫ್ಟಿ ಮೊದಲಿನಿಂದಲೇ ಇರುವುದಿಲ್ಲ. ಪಿನ್ ಸಣ್ಣದೆಂದು ಅದರ ಜೊತೆ ಸಲಿಗೆ ಬೇಡ, ಕಣ್ಣಿಗೆ ಅಷ್ಟೇ ಸಾಕು.

3. ಕಂಪ್ರೆಸರ್ ಎಲ್ಲಿ ಇಟ್ಟಿರಿ, ಹೇಗೆ ಇಟ್ಟಿರಿ

ಸೈಟಿನಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ತೆಳು ವೈರಿನ ಉದ್ದನೆಯ ಎಕ್ಸ್‌ಟೆನ್ಷನ್ ಎಳೆದು ಕಂಪ್ರೆಸರನ್ನು ಕೆಲಸದ ಪಕ್ಕಕ್ಕೇ ತರುತ್ತಾರೆ. ಉದ್ದ ವೈರಿನಲ್ಲಿ ವೋಲ್ಟೇಜ್ ಬೀಳುತ್ತದೆ, ಮೋಟರು ಏಳಲು ತಿಣುಕುತ್ತದೆ, ಬಿಸಿಯಾಗಿ ಸುಡುತ್ತದೆ. ಹಳ್ಳಿಯ ಕಡೆ ವೋಲ್ಟೇಜ್ ಮೊದಲೇ ಕಡಿಮೆ. ಕಂಪ್ರೆಸರನ್ನು ಬೋರ್ಡಿನ ಹತ್ತಿರ ಇಡಿ, ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗಿಗೆ ಕೂಡಿಸಿ, ಉದ್ದ ಬೇಕಾದರೆ ಹವಾ ಪೈಪನ್ನು ಉದ್ದ ಮಾಡಿ.

ಪೈಪನ್ನು ನಿಪ್ಪಲ್ಲಿಗೆ ಬೈಂಡಿಂಗ್ ತಂತಿಯಿಂದ ಸುತ್ತಿ ಕಟ್ಟುವುದು ನಮ್ಮಲ್ಲಿ ಮಾಮೂಲು. ಒತ್ತಡದಲ್ಲಿ ಆ ಪೈಪು ಕಳಚಿದರೆ ಹಾವಿನಂತೆ ಬಡಿದಾಡುತ್ತದೆ, ಅದರ ತುದಿಯ ಹಿತ್ತಾಳೆ ಮುಖಕ್ಕೆ ಬರುತ್ತದೆ. ಸ್ಕ್ರೂ ಇರುವ ಕ್ಲಿಪ್ ಹಾಕಿ, ಅದಕ್ಕಾಗುವ ಖರ್ಚು ಒಂದು ಚಹಾದಷ್ಟು.

ದಿನ ಮುಗಿದ ಮೇಲೆ ಟಾಕಿಯ ಕೆಳಗಿನ ಡ್ರೇನ್ ತೆರೆದು ನೀರು ಬಿಡಿ. ಹವಾ ಒತ್ತಿದಾಗ ಅದರಲ್ಲಿನ ತೇವ ನೀರಾಗಿ ತಳದಲ್ಲಿ ಕೂರುತ್ತದೆ. ಮಳೆಗಾಲದಲ್ಲಿ ಆಜರಾ, ಚಂದಗಡ ಕಡೆ ಕೆಲಸ ಮಾಡಿದವರಿಗೆ ಎಷ್ಟು ನೀರು ಬರುತ್ತದೆ ಎಂದು ಹೇಳಬೇಕಿಲ್ಲ. ಆ ನೀರು ಎರಡು ಕೆಟ್ಟದ್ದು ಮಾಡುತ್ತದೆ. ಗನ್ನಿನೊಳಗೆ ಹೋಗಿ ತುಕ್ಕು ಹಿಡಿಸುತ್ತದೆ, ವಾಲ್ವ್ ಅಂಟಿಕೊಳ್ಳುವಂತೆ ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದು, ಟಾಕಿಯ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುವಾಗಲೇ ತಳ ತೆಳುವಾಗಿರುತ್ತದೆ. ತಳದಿಂದ ಹವಾ ಸೋರುವ ಟಾಕಿಗೆ ವೆಲ್ಡಿಂಗ್ ಹಾಕಿಸಿ ಓಡಿಸಬೇಡಿ, ಟಾಕಿಯನ್ನೇ ಬದಲಿಸಿ. ಸೇಫ್ಟಿ ವಾಲ್ವಿನ ಉಂಗುರವನ್ನು ಆಗಾಗ ಎಳೆದು ಹವಾ ಬಿಡುತ್ತದೆಯೇ ನೋಡಿ. ಅದು ಸೋರುತ್ತದೆಂದು ಬೋಲ್ಟ್ ಹಾಕಿ ಮುಚ್ಚಿದ ಕಂಪ್ರೆಸರನ್ನು ಎಲ್ಲಿ ಕಂಡರೂ ಅದರ ಹತ್ತಿರ ನಿಲ್ಲಬೇಡಿ. ಬೆಲ್ಟಿನ ಜಾಳಿ ತೆಗೆದಿದ್ದರೆ ಮೊದಲು ಅದನ್ನು ಹಾಕಿಸಿ.

ಇಚಲಕರಂಜಿಯಲ್ಲಿ ಇನ್ನೊಂದು ವಿಷಯ. ಮಗ್ಗದ ಶೆಡ್ಡಿನಲ್ಲಿ ಹತ್ತಿಯ ನವಿರು ಗಾಳಿಯಲ್ಲೇ ತೇಲುತ್ತಿರುತ್ತದೆ. ಕಂಪ್ರೆಸರಿನ ಫಿಲ್ಟರಿಗೆ ಅದು ಬೇಗ ಕಟ್ಟಿಕೊಂಡು ಉಸಿರು ಹಿಡಿಸುತ್ತದೆ. ಬಿಸಿಯಾದ ಮೋಟರು ಮತ್ತು ಸ್ವಿಚ್ಚಿನ ಕಿಡಿಯ ಪಕ್ಕದಲ್ಲಿ ಹತ್ತಿ ಗುಡ್ಡೆಯಾಗಿದ್ದರೆ ಏನಾಗುತ್ತದೆ ಎಂದು ಆ ಊರಿನವರಿಗೆ ಚೆನ್ನಾಗಿ ಗೊತ್ತು. ಕಂಪ್ರೆಸರನ್ನು ಶೆಡ್ಡಿನ ಹೊರಗೆ ಇಟ್ಟು ಪೈಪು ಮಾತ್ರ ಒಳಗೆ ತನ್ನಿ.

4. ಎಷ್ಟು ಒತ್ತಡ ಎಂದು ಕಟ್ಟಿಗೆಯೇ ಹೇಳಬೇಕು

ಟಾಕಿಯಲ್ಲಿ 8 ಬಾರ್ ಇದೆ ಎಂದು ಗನ್ನಿಗೂ 8 ಬಾರ್ ಕೊಡಬಾರದು. 8 ಬಾರ್ ಎಂದರೆ ನಮ್ಮ ಮಾತಿನಲ್ಲಿ 116 ಪೌಂಡ್. ಗನ್ನಿನ ಮೈಮೇಲೆ ಅದು ತಡೆಯುವ ಗರಿಷ್ಠ ಒತ್ತಡ ಬರೆದಿರುತ್ತದೆ, ಅದನ್ನು ದಾಟಬೇಡಿ. ರೆಗ್ಯುಲೇಟರ್ ಕೆಟ್ಟಿದೆ ಎಂದು ನೇರ ಟಾಕಿಯಿಂದ ಪೈಪ್ ಎಳೆಯುವುದು ಸಲ್ಲ.

ಪ್ಲೈಯ ಅಂಚಿಗೆ ತೆಳು ಪಟ್ಟಿ ಹೊಡೆಯಲು 60-70 ಪೌಂಡ್ ಸಾಕಾಗುತ್ತದೆ. ಕಡಿಮೆಯಿಂದ ಶುರು ಮಾಡಿ, ಬೇಡದ ತುಂಡಿನ ಮೇಲೆ ಹೊಡೆದು ನೋಡಿ, ಪಿನ್ನಿನ ತಲೆ ಮಟ್ಟಕ್ಕೆ ಕೂರುವ ತನಕ ಸ್ವಲ್ಪ ಸ್ವಲ್ಪ ಏರಿಸಿ. ಪೆಟ್ಟಿಗೆ ಕೆಲಸದವರು ಇದರಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಹೊರದೇಶಕ್ಕೆ ಹೋಗುವ ಪೆಟ್ಟಿಗೆಯ ಕಟ್ಟಿಗೆಯನ್ನು ಐಎಸ್‌ಪಿಎಂ 15 ಎಂಬ ಅಂತರರಾಷ್ಟ್ರೀಯ ನಿಯಮದಂತೆ ತಿರುಳಿನ ತನಕ 56 ಡಿಗ್ರಿ ಬಿಸಿ ತಲುಪಿಸಿ 30 ನಿಮಿಷ ಹಿಡಿದು, ಮುದ್ರೆ ಒತ್ತಿ ಕೊಡುತ್ತಾರೆ. ಅದು ಹೆಚ್ಚಾಗಿ ಮೆತ್ತನೆಯ ಪೈನ್. ಊರೊಳಗಿನ ಪ್ಯಾಲೆಟ್ಟಿಗೆ ಬರುವುದು ನೀಲಗಿರಿ, ಮಾವು, ಕೆಲವೊಮ್ಮೆ ಜಾಲಿ. ಬೆಳಿಗ್ಗೆ ಜಾಲಿಗೆ ಏರಿಸಿದ ಒತ್ತಡದಲ್ಲೇ ಮಧ್ಯಾಹ್ನ ಪೈನ್ ಹಲಗೆಗೆ ಹೊಡೆದರೆ ಮೊಳೆ ತಲೆಸಮೇತ ಒಳಹೊಕ್ಕು ಆಚೆ ಬರುತ್ತದೆ. ಆಚೆ ಬದಿಯಲ್ಲಿ ಹಲಗೆ ಹಿಡಿದು ನಿಂತವನು ಹೆಲ್ಪರ್ ಹುಡುಗ.

5. ಗಾಳಿ ಬಿಟ್ಟು ಬೇರೇನೂ ಗನ್ನಿಗೆ ಕೊಡಬೇಡಿ

ಫೌಂಡ್ರಿ, ಫ್ಯಾಬ್ರಿಕೇಶನ್ ಇರುವಲ್ಲಿ ಆಕ್ಸಿಜನ್ ಸಿಲಿಂಡರ್ ಕೈಗೆಟಕುವಂತೆ ನಿಂತಿರುತ್ತದೆ. ಕಂಪ್ರೆಸರ್ ಕೆಟ್ಟ ದಿನ ಅದರಿಂದಲೇ ಗನ್ ಓಡಿಸೋಣ ಎಂದು ಯಾರಿಗಾದರೂ ತೋಚುತ್ತದೆ. ಗನ್ನಿನೊಳಗೆ ಎಣ್ಣೆ ಇದೆ. ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಗಿದರೆ ಗನ್ನು ಕೈಯಲ್ಲೇ ಸಿಡಿಯುತ್ತದೆ. ಆ ದಿನ ಸುತ್ತಿಗೆ ಹಿಡಿಯಿರಿ.

6. ಎಡಗೈ ಎಲ್ಲಿದೆ?

ಪಟ್ಟಿ ಹಿಡಿದ ಎಡಗೈಯನ್ನು ಮೊಳೆ ಬೀಳುವ ಜಾಗದಿಂದ ಒಂದು ಫೂಟು ದೂರ ಇಡಬೇಕು. ಅಮೆರಿಕದ ಆ ಕೈಪಿಡಿ ಹೇಳುವುದೂ ಇದೇ 12 ಇಂಚು. ಸುತ್ತಿಗೆಯ ಕೆಲಸದಲ್ಲಿ ಪಳಗಿದ ಹಳೆಯ ಬಡಿಗರಿಗೆ ಇದು ಕಷ್ಟ. ಮೊಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಹೊಡೆದ ಅಭ್ಯಾಸ ಕೈಯಲ್ಲಿ ಕೂತಿದೆ, ಎಡಗೈ ತಾನಾಗಿ ಹತ್ತಿರ ಸರಿಯುತ್ತದೆ. ಸುತ್ತಿಗೆ ತಪ್ಪಿದರೆ ಉಗುರು ಕಪ್ಪಾಗುತ್ತದೆ, ಗನ್ ತಪ್ಪಿದರೆ ಬೆರಳು ಹಲಗೆಗೆ ಸೇರಿಕೊಳ್ಳುತ್ತದೆ.

ಮೊಳೆ ನೇರವಾಗೇ ಹೋಗುತ್ತದೆ ಎಂದೂ ನಂಬಬೇಡಿ. ಸಾಗವಾನಿಯ ಗಂಟಿಗೆ, ಹಳೆಯ ಮೊಳೆಗೆ, ಜಾಲಿಯ ಗಟ್ಟಿ ತಿರುಳಿಗೆ ತಾಗಿದ ತೆಳು ಪಿನ್ನು ಒಳಗೇ ಬಾಗಿ ಪಕ್ಕದಿಂದ ಹೊರಬರುತ್ತದೆ. ಗಂಟು ಬಿಟ್ಟು ಹೊಡೆಯಿರಿ, ಅಂಚಿಗೆ ತೀರ ಹತ್ತಿರ ಹೊಡೆಯಬೇಡಿ. ಸಣ್ಣ ತುಂಡಾದರೆ ಕೈಯಲ್ಲಿ ಹಿಡಿಯದೆ ಕ್ಲ್ಯಾಂಪ್ ಹಾಕಿ. ಮೊಳೆಯ ಉದ್ದ ಎರಡೂ ಹಲಗೆ ಸೇರಿದ ದಪ್ಪಕ್ಕಿಂತ ಕಡಿಮೆ ಇರಲಿ. ಕೊಲ್ಹಾಪುರದ ಫ್ಲ್ಯಾಟುಗಳಲ್ಲಿ ಪಾರ್ಟಿಷನ್ ಹೊಡೆಯುವಾಗ ಆಚೆ ಕೋಣೆಯಲ್ಲಿ ಪೇಂಟರ್ ಇದ್ದಾನೆಯೇ, ಎಲೆಕ್ಟ್ರಿಷಿಯನ್ ಇದ್ದಾನೆಯೇ ಎಂದು ಕೂಗಿ ಕೇಳಿ. ಗೋಡೆಗೆ ಹೊಡೆಯುವುದಾದರೆ ಒಳಗೆ ವೈರು ಎಲ್ಲಿ ಹೋಗಿದೆ ಎಂದು ಅವನನ್ನೇ ಕೇಳಿ ಗುರುತು ಹಾಕಿಕೊಳ್ಳಿ.

7. ಕಣ್ಣು ಮತ್ತು ಕಿವಿ

ಕಾಯಿಲ್ ಗನ್ನಿನಿಂದ ಪ್ರತಿ ಹೊಡೆತಕ್ಕೂ ಮೊಳೆ ಪೋಣಿಸಿದ ತಂತಿಯ ಚೂರು ಹಾರುತ್ತದೆ. ಮೊಳೆ ಹಾರಿಸುವ ಹವಾ ಹೊರಬೀಳುವಾಗ ಹೊಟ್ಟು, ದೂಳು ಎಬ್ಬಿಸುತ್ತದೆ. ಕಣ್ಣಿಗೆ ಗಾಗಲ್ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 35ನೇ ಕಲಮಿನಲ್ಲೇ ಬರೆದಿದ್ದರು. ಇಷ್ಟು ವರ್ಷವಾದರೂ ಪ್ಯಾಲೆಟ್ ಶೆಡ್ಡುಗಳಲ್ಲಿ ಗಾಗಲ್ ಮೊಳೆಗೆ ನೇತಾಡುತ್ತಿರುತ್ತದೆ, ಕಣ್ಣಿನ ಮೇಲೆ ಇರುವುದಿಲ್ಲ. ಹೆಲ್ಪರಿಗೂ ಗಾಗಲ್ ಬೇಕು. ಚೂರು ಹಾರುವುದು ಗನ್ ಹಿಡಿದವನ ಕಡೆಗೆ ಮಾತ್ರವಲ್ಲ.

ಕಿವಿಯ ಬಗ್ಗೆ ಇಲ್ಲಿ ಯಾರೂ ಮಾತನಾಡುವುದಿಲ್ಲ. ಇಚಲಕರಂಜಿಗೆ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ತಂದದ್ದು 1904ರಲ್ಲಿ. ಅಂದಿನಿಂದ ಆ ಊರು ಸದ್ದಿನಲ್ಲೇ ಬದುಕಿದೆ, ಕಿವಿ ಮಂದವಾಗುವುದನ್ನು ಕಸುಬಿನ ಭಾಗ ಎಂದು ಒಪ್ಪಿಕೊಂಡಿದೆ. ಗನ್ನಿನ ಒಂದೊಂದು ಹೊಡೆತದ ಸದ್ದಿನ ತುದಿ 130 ಡೆಸಿಬೆಲ್ ದಾಟಬಲ್ಲದು. ಮಗ್ಗದ ಸದ್ದಿನ ಮೇಲೆ ಇದೂ ಸೇರಿದರೆ ಉಳಿದ ಕಿವಿಯೂ ಹೋಗುತ್ತದೆ. ಹೋದ ಕಿವಿ ಮತ್ತೆ ಬರುವುದಿಲ್ಲ. ಕಿವಿಗೆ ಹಾಕುವ ಸ್ಪಂಜಿನ ಬಿರಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

8. ಹವಾದ ಜೊತೆ ಹುಡುಗಾಟ ಇಲ್ಲ

ಕೆಲಸ ಮುಗಿದ ಮೇಲೆ ಬಟ್ಟೆಯ ಹೊಟ್ಟನ್ನು ಪೈಪಿನ ಹವಾದಿಂದ ಊದಿಕೊಳ್ಳುವುದು ನಮ್ಮ ಎಲ್ಲ ಶೆಡ್ಡುಗಳಲ್ಲೂ ಇದೆ. ಗಾಯ ಇದ್ದಲ್ಲಿ ಆ ಹವಾ ಚರ್ಮದ ಒಳಗೆ ನುಗ್ಗುತ್ತದೆ. ಕಿವಿಗೆ ಹೊಡೆದರೆ ತಮಟೆ ಹರಿಯುತ್ತದೆ. ಇನ್ನು ಗೆಳೆಯನ ಹಿಂಭಾಗಕ್ಕೆ ಪೈಪ್ ಹಿಡಿದು ನಗುವ ಆಟ. ದೇಶದ ಹಲವು ಕಾರ್ಖಾನೆಗಳಲ್ಲಿ ಈ ಆಟದಿಂದ ಕರುಳು ಹರಿದು ಹುಡುಗರು ಸತ್ತಿದ್ದಾರೆ, ಪತ್ರಿಕೆಯಲ್ಲಿ ಮತ್ತೆ ಮತ್ತೆ ಬಂದಿದೆ. ಬಟ್ಟೆಯ ಮೇಲಿಂದಲೇ ಹೀಗಾಗುತ್ತದೆ. ನಮ್ಮಲ್ಲಿ ಈ ಆಟ ಆಡಿದವನಿಗೆ ಅಂದೇ ಲೆಕ್ಕ ಕೊಟ್ಟು ಮನೆಗೆ ಕಳಿಸುತ್ತೇನೆ. ಹೊಟ್ಟು ತೆಗೆಯಲು ಬ್ರಷ್ ಇದೆ.

9. ಏಣಿಯ ಮೇಲೆ

ಗನ್ ಹಿಡಿದುಕೊಂಡು ಏಣಿ ಹತ್ತಬೇಡಿ. ಹತ್ತಿದ ಮೇಲೆ ಹಗ್ಗದಿಂದ ಎಳೆದುಕೊಳ್ಳಿ, ಆಮೇಲೆ ಪೈಪ್ ಕೂಡಿಸಿ. ಪೈಪು ಹಿಡಿದು ಗನ್ ಎಳೆಯಬೇಡಿ. ಕೈ ಚಾಚಿ, ಮೈ ವಾಲಿಸಿ ಹೊಡೆಯುವುದಕ್ಕಿಂತ ಇಳಿದು ಏಣಿ ಸರಿಸುವುದು ಲೇಸು.

10. ಮೊಳೆ ಹೊಕ್ಕಾಗ

ಇದು ಯಾರಿಗೂ ಬೇಡ, ಆದರೆ ಎಲ್ಲರಿಗೂ ಗೊತ್ತಿರಬೇಕು. ಕೈಗೆ ಮೊಳೆ ಹೊಕ್ಕರೆ ಇಕ್ಕಳ ಹುಡುಕಬೇಡಿ. ಎಳೆಯುವ ಕೈಗಳು ಎಷ್ಟೋ ಸಲ ಗಾಯವನ್ನು ದೊಡ್ಡದು ಮಾಡುತ್ತವೆ. ಪೋಣಿಸಿದ ಮೊಳೆಗಳ ಮೇಲೆ ಅಂಟು ಇರುತ್ತದೆ, ತಂತಿಯ ಅಥವಾ ಪ್ಲಾಸ್ಟಿಕ್ಕಿನ ಚೂರು ಉಳಿದು ಮೊನೆಯಾಗಿರುತ್ತದೆ, ಹಿಂದಕ್ಕೆ ಎಳೆದಾಗ ಅವು ನರವನ್ನೂ ಸ್ನಾಯುವನ್ನೂ ಕೊಯ್ಯುತ್ತವೆ, ಇಲ್ಲವೇ ಒಳಗೇ ಮುರಿದು ಉಳಿಯುತ್ತವೆ. ಮೊದಲು ಪೈಪ್ ಬಿಚ್ಚಿ. ಮೊಳೆ ಅಲುಗದಂತೆ ಸುತ್ತ ಬಟ್ಟೆ ಇಟ್ಟು ಕಟ್ಟಿ, ಕೈ ಎತ್ತರಕ್ಕೆ ಹಿಡಿಸಿ, ಬೆರಳಲ್ಲಿ ಉಂಗುರವಿದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಅದೇ ಪಟ್ಟಿಯ ಒಂದು ಮೊಳೆಯನ್ನು ಡಾಕ್ಟರಿಗೆ ತೋರಿಸಲು ಜೊತೆಗೆ ಒಯ್ಯಿರಿ, ಒಳಗೆ ಎಷ್ಟು ಉದ್ದದ್ದು, ಎಂಥದ್ದು ಇದೆ ಎಂದು ಅವರಿಗೆ ತಿಳಿಯುತ್ತದೆ. ಕಣ್ಣಿಗೆ ಹೊಕ್ಕಿದ್ದರೆ ಉಜ್ಜಬಾರದು, ಒತ್ತಬಾರದು, ಎಳೆಯಬಾರದು. ಕಣ್ಣಿಗೆ ತಾಗದಂತೆ ಕಾಗದದ ಕಪ್ಪನ್ನು ಮೇಲಿಟ್ಟು ಪಟ್ಟಿ ಕಟ್ಟಿ, ಸೀದಾ ದೊಡ್ಡ ಆಸ್ಪತ್ರೆಗೆ. ಕೊಲ್ಹಾಪುರದ ಸಿಪಿಆರ್ ಸರಕಾರಿ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವ ಜಾಗ. ಸಣ್ಣ ಪಿನ್ನು ಹೊಕ್ಕು ರಕ್ತ ಬರದಿದ್ದರೂ ಎಕ್ಸ್-ರೇ ಮಾಡಿಸಿ, ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿ. ಕೀಲಿನೊಳಗೆ ಹೊಕ್ಕ ಪಿನ್ನು ಮೇಲಿಂದ ಚುಕ್ಕೆಯಷ್ಟೇ ಕಾಣುತ್ತದೆ, ಒಳಗೆ ಕೀವು ಕಟ್ಟಿದರೆ ಆ ಬೆರಳು ಮುಂದೆ ಮಡಚುವುದಿಲ್ಲ. ಬಡಿಗನಿಗೆ ಮಡಚದ ಬೆರಳು ಎಂದರೆ ಅರ್ಧ ಕಸುಬು ಹೋದಂತೆ.

ಶೆಡ್ಡಿನ ಮಾಲಕರಲ್ಲಿ ಒಂದು ಬೇಡಿಕೆ. ಮುಂದಿನ ಗನ್ ಕೊಳ್ಳುವಾಗ ಮೂತಿ ಒತ್ತಿ ಆಮೇಲೆ ಟ್ರಿಗರ್ ಎಳೆಯುವ ಜಾತಿಯದ್ದನ್ನೇ ಕೇಳಿ ಕೊಳ್ಳಿ. ನಗದ ರೇಟಿನಲ್ಲಿ, ಪೈಪ್ ಬಿಚ್ಚಲು, ಗಾಗಲ್ ಹಾಕಲು, ಹಲಗೆಗೆ ಕ್ಲ್ಯಾಂಪ್ ಬಿಗಿಯಲು ಹಿಡಿಯುವ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿ. ಕಂಪ್ರೆಸರಿನ ಮೇಲಿನ ಗೋಡೆಗೆ ಕನ್ನಡದಲ್ಲಿ, ಮರಾಠಿಯಲ್ಲಿ, ಹುಡುಗರು ಓದುವ ಬೇರೆ ಯಾವ ಭಾಷೆ ಇದ್ದರೆ ಅದರಲ್ಲೂ ದಪ್ಪ ಅಕ್ಷರದಲ್ಲಿ ಬರೆಸಿ: ಮೊದಲು ಪೈಪ್ ಬಿಚ್ಚು. ಹೊಸ ಹುಡುಗನ ಕೈಗೆ ಗನ್ ಕೊಡುವ ಮೊದಲು ಅರ್ಧ ದಿನ ಅವನ ಪಕ್ಕದಲ್ಲಿ ನಿಂತು ಕಲಿಸಿ, ಆ ಅರ್ಧ ದಿನದ ಪಗಾರವನ್ನೂ ಕೊಡಿ.